ಕಾಯುವವರ ಚರಿತ್ರೆ

ಸಾದತ್ ಹಸನ್ ಮಂಟೋನ ‘ಟೋಬಾ ಟೇಕ್ ಸಿಂಗ್’ ಕಥೆಯನ್ನು ಉರ್ದುವಿನಲ್ಲೋ ಅನುವಾದದಲ್ಲೋ ಓದದ ಕಥಾಪ್ರಿಯರು ವಿರಳ. ದೇಶ ವಿಭಜನೆಯಾಗಿ ಮೂರು ವರ್ಷ ಕಳೆದ ಮೇಲೆ, 1950ರಲ್ಲಿ, ಲಾಹೋರಿನ ಹುಚ್ಚಾಸ್ಪತ್ರೆಯಲ್ಲಿದ್ದ ಹಿಂದೂ ಮತ್ತು ಸಿಖ್ ರೋಗಿಗಳನ್ನು ಅಮೃತಸರಕ್ಕೆ ಸಾಗಿಸಿದ ನಿಜ ಸಂಗತಿ ಆ ಕಥೆಯ ಬೆನ್ನಿಗಿದೆ. ಎರಡು ದೇಶಗಳ ಬೇಲಿಗಳ ನಡುವೆ, ಹೆಸರಿಲ್ಲದ ತುಂಡು ನೆಲದ ಮೇಲೆ ಬಿದ್ದ ಬಿಶನ್ ಸಿಂಗ್ ಎಲ್ಲರಿಗೂ ನೆನಪಿರುತ್ತಾನೆ. ತಿಂಗಳಿಗೊಮ್ಮೆ ಅವನನ್ನು ನೋಡಲು ಬರುತ್ತಿದ್ದ ಮನೆಯವರು ಯಾರಿಗೂ ಅಷ್ಟಾಗಿ ನೆನಪಿರುವುದಿಲ್ಲ. ಮಗಳು ರೂಪ್ ಕೌರ್ ಚಿಕ್ಕವಳಿದ್ದಾಗ ಅಪ್ಪನನ್ನು ನೋಡಿ ಅಳುತ್ತಿದ್ದಳು, ದೊಡ್ಡವಳಾದ ಮೇಲೂ ಅಳುತ್ತಿದ್ದಳು ಎಂದು ಮಂಟೋ ಒಂದೆರಡು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಾನೆ. ಕುಡಿತ ಬಿಡಿಸಿಕೊಳ್ಳಲೆಂದು ಸ್ವತಃ ಅದೇ ಲಾಹೋರಿನ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದವನು ಅವನು. ಹೊರಗೆ ಕಾಯುವವರ ಮುಖವನ್ನು ಅವನು ಬಲ್ಲ.

ಮನೋರೋಗದ ಚರಿತ್ರೆಯಲ್ಲಿ ವೈದ್ಯರಿದ್ದಾರೆ, ರೋಗಿಗಳಿದ್ದಾರೆ, ಆಸ್ಪತ್ರೆ ಕಟ್ಟಿಸಿದ ಸುಲ್ತಾನರೂ ಇದ್ದಾರೆ. ಮನೆಯವರು ಮಾತ್ರ ಬಾಗಿಲ ಹೊರಗೇ ನಿಂತಿದ್ದಾರೆ. ಅಥವಾ ಒಳಗೆ ಕರೆದದ್ದು ಆರೋಪಿಗಳನ್ನಾಗಿ. ಈ ಮಾತು ಎಲ್ಲಕ್ಕಿಂತ ಹೆಚ್ಚಾಗಿ ಅನ್ವಯವಾಗುವುದು ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಎಂಬ ಕಾಯಿಲೆಗೆ. ಈ ಹೆಸರನ್ನು ನಮ್ಮಲ್ಲಿ ಹೆಚ್ಚು ಜನ ಕೇಳಿಲ್ಲ. ಆದರೆ ಆ ಕಾಯಿಲೆಯ ಜೊತೆ ಒಂದೇ ಸೂರಿನಡಿ ಬದುಕುತ್ತಿರುವ ಅಕ್ಕತಂಗಿಯರು, ಗಂಡಂದಿರು, ತಾಯಂದಿರು ನಮ್ಮ ನಡುವೆ ಇದ್ದೇ ಇದ್ದಾರೆ. ಅವರು ಅದಕ್ಕೆ ಇಟ್ಟುಕೊಂಡಿರುವ ಹೆಸರುಗಳೇ ಬೇರೆ: ಹಟ, ಸಿಟ್ಟು, ಪೊಗರು, ನಾಟಕ, ದೃಷ್ಟಿ, ಗಾಳಿ.

ಲಕ್ಷಣಗಳನ್ನು ಸ್ಥೂಲವಾಗಿ ಹೇಳುವುದಾದರೆ ಹೀಗೆ. ತನ್ನವರು ತನ್ನನ್ನು ಬಿಟ್ಟುಹೋಗುತ್ತಾರೆ ಎಂಬ ತಡೆಯಲಾಗದ ಭಯ. ಬೆಳಿಗ್ಗೆ ದೇವತೆಯಂತೆ ಕಂಡವರು ಸಂಜೆಗೆ ಶತ್ರುವಾಗುವುದು. ಗಳಿಗೆಗೊಮ್ಮೆ ಬದಲಾಗುವ ಮನಸ್ಸು, ಒಳಗೆಲ್ಲ ಬರಿದಾಗಿದೆ ಎನ್ನುವ ಅನುಭವ, ತಾನು ಯಾರು ಎಂಬುದರಲ್ಲೇ ಗೊಂದಲ, ಹಿಂದೆಮುಂದೆ ನೋಡದೆ ಮಾಡುವ ಕೆಲಸಗಳು, ತನ್ನ ಮೈಗೆ ತಾನೇ ಗಾಯ ಮಾಡಿಕೊಳ್ಳುವುದು, ಸಾಯುವ ಮಾತು ಮತ್ತು ಕೆಲವೊಮ್ಮೆ ಸಾಯುವ ಯತ್ನ. ವೈದ್ಯರ ಕೈಪಿಡಿಯಲ್ಲಿ ಈಗ ಒಂಬತ್ತು ಲಕ್ಷಣಗಳ ಪಟ್ಟಿಯಿದೆ; ಐದಾದರೂ ಬಹುಕಾಲದಿಂದ ಇದ್ದರೆ ಈ ಹೆಸರು. ಒಂದೆರಡು ಲಕ್ಷಣ ನಮ್ಮೆಲ್ಲರಲ್ಲೂ ಇರುತ್ತವೆ. ಆದ್ದರಿಂದ ಈ ಲೇಖನ ಓದಿ ಸೊಸೆಗೋ ನಾದಿನಿಗೋ ಈ ಪಟ್ಟಿ ಕಟ್ಟಲು ಯಾರೂ ಹೊರಡಬಾರದು.

ಮನೆಯವರ ಲಕ್ಷಣಗಳಿಗೆ ಯಾವ ಕೈಪಿಡಿಯಲ್ಲೂ ಪಟ್ಟಿಯಿಲ್ಲ. ಫೋನ್ ಬಾರಿಸಿದರೆ ಎದೆ ಧಸಕ್ಕೆನ್ನುವುದು, ಅರ್ಧ ತಾಸು ಬಾರಿಸದಿದ್ದರೂ ಧಸಕ್ಕೆನ್ನುವುದು. ಬಾತ್‌ರೂಮಿನ ಬಾಗಿಲು ಹಾಕಿ ಹೆಚ್ಚು ಹೊತ್ತಾದರೆ ನೆಪ ಹುಡುಕಿ ತಟ್ಟುವುದು. ಮಾತ್ರೆಯ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ದಿಂಬಿನ ಕೆಳಗಿಟ್ಟು ಮಲಗುವುದು. ಮದುವೆಗೆ, ಮಯ್ಯತ್ತಿಗೆ ಮನೆಯವರೆಲ್ಲ ಒಟ್ಟಿಗೆ ಹೋಗದಿರುವುದು, ಒಬ್ಬರಾದರೂ ಉಳಿಯಬೇಕಲ್ಲ! ಹೀಗೆ ಹತ್ತು ಹದಿನೈದು ವರ್ಷ ಉಳಿದವರೊಬ್ಬರು ನಮ್ಮ ಬೀದಿಯಲ್ಲೇ ಇದ್ದರು. ಆ ಖಾಲಾ ಸಿಟ್ಟು ಮಾಡಿಕೊಂಡದ್ದನ್ನು ನಾನು ನೋಡಿಲ್ಲ. ನಿದ್ದೆ ಮಾಡಿದ್ದನ್ನು ಅವರ ಮಕ್ಕಳೂ ನೋಡಿರಲಿಕ್ಕಿಲ್ಲ.

ಹೆಸರಿನ ಕಥೆ

1938ರಲ್ಲಿ ನ್ಯೂಯಾರ್ಕಿನ ಮನೋವಿಶ್ಲೇಷಕ ಅಡಾಲ್ಫ್ ಸ್ಟರ್ನ್ ತನ್ನ ಕೆಲವು ರೋಗಿಗಳ ಬಗ್ಗೆ ಪ್ರಬಂಧವೊಂದನ್ನು ಬರೆದ. ಫ್ರಾಯ್ಡ್ ಮಾರ್ಗದ ವೈದ್ಯರ ಲೆಕ್ಕದಲ್ಲಿ ಆಗ ಎರಡು ದೇಶಗಳಿದ್ದವು. ಒಂದು ನ್ಯೂರೋಸಿಸ್: ಕಳವಳ, ಅಂಜಿಕೆ, ಗೀಳು, ಆದರೆ ವಾಸ್ತವದ ಹಿಡಿತ ತಪ್ಪಿರುವುದಿಲ್ಲ. ಇನ್ನೊಂದು ಸೈಕೋಸಿಸ್: ವಾಸ್ತವವೇ ಕೈತಪ್ಪಿದ ಸ್ಥಿತಿ. ಸ್ಟರ್ನ್‌ನ ಈ ರೋಗಿಗಳು ಎರಡಕ್ಕೂ ಸೇರದೆ ಗಡಿಯ ಮೇಲೆ ನಿಂತಿದ್ದರು. ಅವರನ್ನು ಆತ ಬಾರ್ಡರ್‌ಲೈನ್ ಗುಂಪು ಎಂದ. ಗಡಿಯ ಮೇಲೆ ನಿಂತವರನ್ನು ಎರಡೂ ಕಡೆಯವರು ಅನುಮಾನದಿಂದ ನೋಡುತ್ತಾರೆ ಎಂಬುದು ನಮಗೆ ತಿಳಿಯದ್ದೇನಲ್ಲ. ಮುಂದಿನ ನಾಲ್ಕು ದಶಕ ಈ ರೋಗಿಗಳ ಪಾಡೂ ಅದೇ ಆಯಿತು. ಕೆಲವರಿಗೆ ಸ್ಕಿಜೋಫ್ರೇನಿಯಾದ ಚೀಟಿ ಅಂಟಿಸಲಾಯಿತು. ಕೆಲವರನ್ನು ‘ಕಷ್ಟದ ರೋಗಿ’ ಎಂದು ಕೈಬಿಡಲಾಯಿತು.

1967ರಲ್ಲಿ ಓಟೊ ಕೆರ್ನ್‌ಬರ್ಗ್, ಇದು ಗಡಿಯಲ್ಲ, ವ್ಯಕ್ತಿತ್ವದ ಒಂದು ರಚನೆ ಎಂದರು. 1975ರಲ್ಲಿ ಜಾನ್ ಗುಂಡರ್‌ಸನ್ ಮತ್ತು ಮಾರ್ಗರೆಟ್ ಸಿಂಗರ್, ಅಲ್ಲಿಯವರೆಗೆ ಚೆಲ್ಲಾಪಿಲ್ಲಿಯಾಗಿದ್ದ ಬರಹಗಳನ್ನೆಲ್ಲ ಜಾಲಾಡಿ ಸ್ಪಷ್ಟ ಲಕ್ಷಣಗಳನ್ನು ಕೊಟ್ಟರು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯ ಮೂರನೆಯ ಆವೃತ್ತಿಯಲ್ಲಿ ಈ ಕಾಯಿಲೆಗೆ ಅಧಿಕೃತ ಜಾಗ ಸಿಕ್ಕಿತು. ವಿಶ್ವ ಆರೋಗ್ಯ ಸಂಸ್ಥೆ ತನ್ನ ಹತ್ತನೆಯ ಪಟ್ಟಿಯಲ್ಲಿ ಇದನ್ನು ಭಾವನಾತ್ಮಕ ಅಸ್ಥಿರತೆಯ ವ್ಯಕ್ತಿತ್ವ ಎಂದು ಕರೆಯಿತು. 2022ರಿಂದ ಜಾರಿಯಲ್ಲಿರುವ ಹನ್ನೊಂದನೆಯ ಪಟ್ಟಿಯಲ್ಲಿ ಇದು ಪ್ರತ್ಯೇಕ ಕಾಯಿಲೆಯಾಗಿ ಉಳಿಯದೆ, ವ್ಯಕ್ತಿತ್ವದ ತೊಂದರೆಯ ಒಂದು ವಿನ್ಯಾಸವಾಗಿ ಉಳಿದಿದೆ. ಗಡಿಯೇ ಅಳಿಸಿಹೋದರೂ ‘ಬಾರ್ಡರ್‌ಲೈನ್’ ಎಂಬ ಪದ ಮಾತ್ರ ಹೋಗಿಲ್ಲ. ಕನ್ನಡದಲ್ಲಿ ನಾವು ‘ವ್ಯಕ್ತಿತ್ವ ದೋಷ’ ಎನ್ನುತ್ತೇವೆ. ಡಾ. ಸಿ.ಆರ್. ಚಂದ್ರಶೇಖರ್ ಅವರಂಥವರು ಮನೋರೋಗಗಳ ಬಗ್ಗೆ ಕನ್ನಡದಲ್ಲಿ ಸರಳವಾಗಿ ಬರೆದು ಮಾಡಿದ ಉಪಕಾರ ದೊಡ್ಡದು. ಆದರೂ ‘ದೋಷ’ ಎಂಬ ಈ ಪದ ನನಗೆ ಹಿಡಿಸುವುದಿಲ್ಲ. ಮಗಳ ವ್ಯಕ್ತಿತ್ವವೇ ದೋಷ ಎಂದು ಕೇಳಿಸಿಕೊಂಡ ತಾಯಿ, ಆ ದೋಷ ಎಲ್ಲಿಂದ ಬಂತು ಎಂದು ತನ್ನ ಕಡೆಗೇ ನೋಡಿಕೊಳ್ಳುತ್ತಾಳೆ.

ಅಲ್ಲಿ ಅವಳಿಗೋಸ್ಕರ ಉತ್ತರವೂ ಸಿದ್ಧವಾಗಿತ್ತು. 1948ರಲ್ಲಿ ಫ್ರೀಡಾ ಫ್ರೊಮ್ ರೈಖ್‌ಮನ್, ರೋಗಿಗಳ ಬಗ್ಗೆ ಅಪಾರ ಕರುಣೆಯಿದ್ದ ವೈದ್ಯೆ, ‘ಸ್ಕಿಜೋಫ್ರೇನಿಯಾ ಹುಟ್ಟಿಸುವ ತಾಯಿ’ ಎಂಬ ಮಾತನ್ನು ಬರೆದರು. ಆ ಒಂದು ಮಾತು ಎರಡು ಮೂರು ದಶಕ ಎಷ್ಟು ತಾಯಂದಿರ ನಿದ್ದೆ ಕಸಿಯಿತೋ ಲೆಕ್ಕವಿಟ್ಟವರಿಲ್ಲ. ಬಾರ್ಡರ್‌ಲೈನ್ ವಿಷಯದಲ್ಲೂ ಜೇಮ್ಸ್ ಮಾಸ್ಟರ್‌ಸನ್ ಮತ್ತು ಡೊನಾಲ್ಡ್ ರಿನ್‌ಸ್ಲಿ 1975ರಲ್ಲಿ ಬರೆದ ಪ್ರಬಂಧದ ಶೀರ್ಷಿಕೆಯಲ್ಲೇ ತಾಯಿಯ ಪಾತ್ರ ಎಂಬ ಮಾತಿತ್ತು. ಮಗು ದೂರ ಸರಿದು ಸ್ವತಂತ್ರವಾಗಲು ಹೊರಟಾಗ ತಾಯಿ ಮಮತೆಯನ್ನು ಹಿಂದಕ್ಕೆಳೆದುಕೊಳ್ಳುತ್ತಾಳೆ, ಕಾಯಿಲೆಯ ಬೀಜ ಅಲ್ಲಿದೆ ಎಂಬುದು ಅವರ ವಾದ. ತಂದೆಯ ಪಾತ್ರದ ಬಗ್ಗೆ ಹೀಗೆ ಶೀರ್ಷಿಕೆ ಕೊಟ್ಟು ಬರೆಯುವ ಆತುರ ಯಾರಿಗೂ ಇದ್ದಂತಿಲ್ಲ.

ಹಾಗೆಂದು ಮನೆಯವರೆಲ್ಲ ನಿರಪರಾಧಿಗಳು ಎಂದು ತೀರ್ಪು ಬರೆಯಲೂ ಆಗುವುದಿಲ್ಲ. 1989ರಲ್ಲಿ ಜುಡಿತ್ ಹರ್ಮನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಚಿಕ್ಕದು. ಅದರಲ್ಲಿದ್ದ ಈ ಕಾಯಿಲೆಯವರಲ್ಲಿ ಶೇ. 81ರಷ್ಟು ಮಂದಿ ಬಾಲ್ಯದಲ್ಲಿ ಹೊಡೆತ, ಲೈಂಗಿಕ ದೌರ್ಜನ್ಯ, ಮನೆಯೊಳಗಿನ ಹಿಂಸೆಯಂಥ ಆಘಾತಗಳನ್ನು ಹೇಳಿಕೊಂಡರು. ಇದನ್ನು ಮುಚ್ಚಿಡುವುದು ಆ ಮಕ್ಕಳಿಗೆ ಎರಡನೆಯ ಸಲ ಮಾಡುವ ಅನ್ಯಾಯ. ಇನ್ನೊಂದು ಕಡೆ, ಸ್ವೀಡನ್ನಿನಲ್ಲಿ 18 ಲಕ್ಷಕ್ಕೂ ಹೆಚ್ಚು ಜನರ ದಾಖಲೆಗಳನ್ನು ಜಾಲಾಡಿದ ಸಂಶೋಧಕರು 2019ರಲ್ಲಿ ಹೇಳಿದ್ದು, ಈ ಕಾಯಿಲೆಯ ವಿಷಯದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದಲ್ಲಿ ಸುಮಾರು ಶೇ. 46ರಷ್ಟು ರಕ್ತದಲ್ಲೇ ಬರುತ್ತದೆ ಎಂದು. ಅಂದರೆ ಒಳ್ಳೆಯ ಮನೆಯಲ್ಲೂ ಇದು ಬರಬಹುದು, ಕೆಟ್ಟ ಮನೆಯಲ್ಲೂ ಬರದಿರಬಹುದು.

ಹಾರ್ಟ್‌ಫರ್ಡಿನ ಹುಡುಗಿ

1961ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ನಗರದ ಇನ್‌ಸ್ಟಿಟ್ಯೂಟ್ ಆಫ್ ಲಿವಿಂಗ್ ಎಂಬ ಆಸ್ಪತ್ರೆಗೆ ಓಕ್ಲಹಾಮದ ಟಲ್ಸಾ ಊರಿನ 17 ವರ್ಷದ ಹುಡುಗಿಯೊಬ್ಬಳನ್ನು ಸೇರಿಸಿದರು. ತನಗೆ ತಾನೇ ಗಾಯ ಮಾಡಿಕೊಳ್ಳುತ್ತಿದ್ದ ಅವಳನ್ನು ಏಕಾಂತ ಕೋಣೆಯಲ್ಲಿಟ್ಟರು, ಸ್ಕಿಜೋಫ್ರೇನಿಯಾ ಎಂದರು, ವಿದ್ಯುತ್ ಚಿಕಿತ್ಸೆ ಕೊಟ್ಟರು. ಎರಡು ವರ್ಷಕ್ಕೂ ಹೆಚ್ಚು ಅಲ್ಲಿದ್ದು ಅವಳು ಹೊರಬಂದಳು. ಐವತ್ತು ವರ್ಷಗಳ ನಂತರ, 2011ರ ಜೂನ್‌ನಲ್ಲಿ, ಅದೇ ಆಸ್ಪತ್ರೆಯ ಸಭಾಂಗಣದಲ್ಲಿ ನಿಂತು ವಾಷಿಂಗ್ಟನ್ ವಿಶ್ವವಿದ್ಯಾಲಯದ ಪ್ರೊಫೆಸರ್ ಮಾರ್ಶಾ ಲಿನೆಹನ್, ಆ ಹುಡುಗಿ ನಾನೇ ಎಂದರು. ಅಷ್ಟರಲ್ಲಾಗಲೇ ಈ ಕಾಯಿಲೆಗೆ ಜಗತ್ತಿನಲ್ಲಿ ಅತಿ ಹೆಚ್ಚು ಪರೀಕ್ಷೆಗೊಳಗಾದ ಚಿಕಿತ್ಸಾ ಕ್ರಮ ಅವರದ್ದಾಗಿತ್ತು. 1991ರಲ್ಲಿ ಅದರ ಮೊದಲ ದೊಡ್ಡ ಪ್ರಯೋಗದ ಫಲಿತಾಂಶ ಬಂದಿತ್ತು, 1993ರಲ್ಲಿ ಪುಸ್ತಕ. ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ ಎಂಬ ಉದ್ದದ ಹೆಸರು ಅದಕ್ಕೆ. ತಿರುಳು ಉದ್ದದ್ದಲ್ಲ: ನೀನು ಇರುವಂತೆಯೇ ನಿನ್ನನ್ನು ಒಪ್ಪುತ್ತೇನೆ, ಮತ್ತು ನೀನು ಬದಲಾಗಲೇಬೇಕು. ಎರಡನ್ನೂ ಒಂದೇ ಉಸಿರಿನಲ್ಲಿ.

ಮನೆಯವರಿಗೆ ಲಿನೆಹನ್ ಅವರಿಂದ ದಕ್ಕಿದ್ದು ಈ ಕಾಯಿಲೆಯ ಹುಟ್ಟಿನ ಬಗ್ಗೆ ಅವರು ಕೊಟ್ಟ ವಿವರಣೆ. ಕೆಲವು ಮಕ್ಕಳು ಹುಟ್ಟಿನಿಂದಲೇ ತೆಳುಚರ್ಮದವರು. ಬೇರೆಯವರಿಗೆ ತಾಗಿದ್ದೇ ತಿಳಿಯದ ಮಾತು ಅವರಿಗೆ ಸುಟ್ಟಗಾಯ, ಅದು ಆರಲೂ ಹೆಚ್ಚು ಹೊತ್ತು ಬೇಕು. ಅಂಥ ಮಗುವಿಗೆ ‘ಇದೇನು ಮಹಾ, ಸುಮ್ಮನಿರು’ ಎನ್ನುವ ಮನೆ ಸಿಕ್ಕಿದರೆ, ತನಗೆ ಅನ್ನಿಸಿದ್ದೆಲ್ಲ ತಪ್ಪು ಎಂದೇ ಅದು ಕಲಿಯುತ್ತದೆ. ಜೋರಾಗಿ ಕಿರುಚಿದಾಗ ಮಾತ್ರ ಮನೆ ತಿರುಗಿ ನೋಡುತ್ತದೆ ಎಂಬುದನ್ನೂ ಕಲಿಯುತ್ತದೆ. ‘ಸುಮ್ಮನಿರು’ ಎಂದ ಮನೆ ಕ್ರೂರಿಯೇ ಆಗಿರಬೇಕಿಲ್ಲ. ನಾಲ್ಕು ಮಕ್ಕಳ, ಒಂದೇ ಸಂಬಳದ ಯಾವ ಮನೆಯಲ್ಲಿ ಈ ಮಾತು ಕೇಳಿಬರುವುದಿಲ್ಲ ಹೇಳಿ? ಮನೆಯ ಪಾಲನ್ನು ಒಪ್ಪಿಕೊಂಡೂ ಮನೆಯನ್ನು ಕಟಕಟೆಯಲ್ಲಿ ನಿಲ್ಲಿಸದ ವಿವರಣೆ ಇದು.

ತಿಳಿದಷ್ಟೂ ಕಳವಳ

ಮನೆಯವರನ್ನು ವಿಜ್ಞಾನ ಅಳೆಯತೊಡಗಿದ್ದು ಲಂಡನ್ನಿನಲ್ಲಿ. 1950ರ ದಶಕದ ಕೊನೆಗೆ ಸಮಾಜಶಾಸ್ತ್ರಜ್ಞ ಜಾರ್ಜ್ ಬ್ರೌನ್, ಆಸ್ಪತ್ರೆಯಿಂದ ಬಿಡುಗಡೆಯಾದ ಸ್ಕಿಜೋಫ್ರೇನಿಯಾ ರೋಗಿಗಳಲ್ಲಿ ತಂದೆತಾಯಿಯ ಅಥವಾ ಹೆಂಡತಿಯ ಬಳಿಗೆ ಹೋದವರಿಗಿಂತ ಬಾಡಿಗೆ ಕೋಣೆಗಳಿಗೆ, ಒಡಹುಟ್ಟಿದವರ ಮನೆಗಳಿಗೆ ಹೋದವರೇ ಹೆಚ್ಚು ನೆಮ್ಮದಿಯಿಂದ ಉಳಿದರೆಂದು ಗಮನಿಸಿದರು. ಮನೆಯವರ ಟೀಕೆ, ಹಗೆತನ, ಅತಿಯಾದ ಹಚ್ಚಿಕೊಳ್ಳುವಿಕೆ ಇವೆಲ್ಲವನ್ನೂ ಅಳೆಯುವ ಮಾಪನ ಬಂತು. ಈ ಮೂರೂ ಹೆಚ್ಚಿದ್ದ ಮನೆಗಳಲ್ಲಿ ಕಾಯಿಲೆ ಮರುಕಳಿಸುವುದೂ ಹೆಚ್ಚು ಎಂದು ಸಾಬೀತಾಯಿತು. ಅದೇ ಮಾಪನ ಹಿಡಿದು 1980ರ ದಶಕದಲ್ಲಿ ಎನ್.ಎನ್. ವಿಗ್ ಮತ್ತು ಸಂಗಡಿಗರು ಚಂಡೀಗಢದ ಮನೆಗಳಿಗೆ ಹೋದಾಗ, ಲಂಡನ್ನಿಗಿಂತ ನಮ್ಮ ಮನೆಗಳಲ್ಲಿ ಟೀಕೆ ಬಹಳ ಕಡಿಮೆ ಎಂದು ಕಂಡುಬಂತು. ನಾವು ಹೆಮ್ಮೆಪಡಬಹುದಾದ ಫಲಿತಾಂಶ. ನಮ್ಮ ಮನೆಗಳ ಟೀಕೆ ಸಂಶೋಧಕರ ಮುಂದೆ ನಾಚಿಕೊಂಡು ಸುಮ್ಮನಿತ್ತೇನೋ ಎಂಬ ಅನುಮಾನವೂ ಕಥೆಗಾರನಾದ ನನಗಿದೆ.

ಅತಿಯಾಗಿ ಹಚ್ಚಿಕೊಳ್ಳಬೇಡಿ ಎಂಬುದು ಹೀಗೆ ಎಲ್ಲ ಮನೆಗಳಿಗೂ ಕೊಡುವ ಔಷಧದಂತಾಯಿತು. ಆದರೆ 1999ರಲ್ಲಿ ಜಿಲ್ ಹೂಲಿ ಮತ್ತು ಪೆರಿ ಹಾಫ್‌ಮನ್ 35 ಮಂದಿ ಬಾರ್ಡರ್‌ಲೈನ್ ರೋಗಿಗಳನ್ನು ಒಂದು ವರ್ಷ ಹಿಂಬಾಲಿಸಿದಾಗ ಲೆಕ್ಕ ತಲೆಕೆಳಗಾಯಿತು. ಮನೆಯವರು ಅತಿಯಾಗಿ ಹಚ್ಚಿಕೊಂಡಿದ್ದ ರೋಗಿಗಳೇ ಚೆನ್ನಾಗಿದ್ದರು! ಬಿಟ್ಟುಹೋಗುತ್ತಾರೆ ಎಂಬ ಭಯವೇ ಕಾಯಿಲೆಯ ಮೂಲದಲ್ಲಿರುವಾಗ, ಬಿಡದೆ ಹಿಡಿದುಕೊಂಡವರ ಗಡಿಬಿಡಿ, ಕಣ್ಣೀರು, ಹಿಂದೆಹಿಂದೆ ಸುತ್ತುವುದು ಇವೆಲ್ಲ ಆ ಮನಸ್ಸಿಗೆ ಆಧಾರವಾಗಿ ಕಂಡಿರಬೇಕು. ಅಧ್ಯಯನ ಚಿಕ್ಕದು ಎಂಬುದನ್ನು ಮರೆಯಬಾರದು. ಆದರೂ ‘ನೀವು ಅತಿಯಾಗಿ ಮುದ್ದು ಮಾಡಿಯೇ ಹೀಗಾಯಿತು’ ಎಂದು ನೆಂಟರಿಂದ ಅನ್ನಿಸಿಕೊಂಡ ತಾಯಂದಿರಿಗೆ ಇದನ್ನು ಯಾರಾದರೂ ಓದಿ ಹೇಳಬೇಕು ಎನಿಸುತ್ತದೆ.

ಅದೇ ಹಾಫ್‌ಮನ್ ಮತ್ತು ಸಂಗಡಿಗರ 2003ರ ಇನ್ನೊಂದು ಅಧ್ಯಯನ ಇನ್ನೂ ವಿಚಿತ್ರ. ಈ ಕಾಯಿಲೆಯ ಬಗ್ಗೆ ಹೆಚ್ಚು ತಿಳಿದಿದ್ದ ಮನೆಯವರೇ ಹೆಚ್ಚು ಖಿನ್ನರಾಗಿದ್ದರು, ಹೆಚ್ಚು ಹೊರೆ ಹೊತ್ತಿದ್ದರು. ತಿಳಿವಳಿಕೆ ಹೆಚ್ಚಿದರೆ ಭಯ ಇಳಿಯುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಆದರೆ ಏನು ತಿಳಿಯುತ್ತದೆ, ಯಾರಿಂದ ತಿಳಿಯುತ್ತದೆ ಎಂಬುದೂ ಮುಖ್ಯ. ಈ ಕಾಯಿಲೆಯವರಲ್ಲಿ ಇಷ್ಟು ಜನ ಸಾಯುತ್ತಾರೆ ಎಂಬ ಒಂದು ಅಂಕಿ ರಾತ್ರಿ ಎರಡು ಗಂಟೆಗೆ ಒಬ್ಬಂಟಿಯಾಗಿ ಕೂತ ಅಣ್ಣನ ಕಣ್ಣಿಗೆ ಬಿದ್ದರೆ, ಅದು ತಿಳಿವಳಿಕೆಯಾಗುವುದಿಲ್ಲ.

ಆ ಅನುಭವದಿಂದಲೇ ಹಾಫ್‌ಮನ್ ಮತ್ತು ಅಲನ್ ಫ್ರುಜೆಟ್ಟಿ ಹನ್ನೆರಡು ವಾರಗಳ ತರಗತಿಯೊಂದನ್ನು ರೂಪಿಸಿದರು, ಹೆಸರು ಫ್ಯಾಮಿಲಿ ಕನೆಕ್ಷನ್ಸ್. ನಡೆಸುವವರಲ್ಲಿ ತರಬೇತಿ ಪಡೆದ ಮನೆಯವರೇ ಇರುತ್ತಾರೆ, ಶುಲ್ಕವಿಲ್ಲ. ಅಲ್ಲಿ ಕಲಿಸುವುದು ದೊಡ್ಡ ಸಿದ್ಧಾಂತವಲ್ಲ. ಎದುರಿನವರು ಕೂಗುವಾಗ ಮೊದಲು ತನ್ನ ಎದೆಬಡಿತವನ್ನು ಇಳಿಸಿಕೊಳ್ಳುವುದು. ‘ಹಾಗೇನಿಲ್ಲ, ನಿನ್ನದು ಭ್ರಮೆ’ ಎನ್ನುವ ಬದಲು ‘ನಿನಗೆ ತುಂಬ ನೋವಾಗಿದೆ ಅನ್ನುವುದು ಕಾಣುತ್ತಿದೆ’ ಎನ್ನುವುದು. ನೋವನ್ನು ಒಪ್ಪಿದರೆ ಆರೋಪವನ್ನೂ ಒಪ್ಪಿದಂತಲ್ಲ. ಹೊಡೆತ, ಬೈಗುಳ, ಸಾಲ ಇವಕ್ಕೆ ಮಿತಿ ಎಲ್ಲಿ ಎಂದು ತಣ್ಣಗಿರುವ ಹೊತ್ತಿನಲ್ಲೇ ಹೇಳಿಟ್ಟು, ಬಿಸಿಯ ಹೊತ್ತಿನಲ್ಲಿ ಹೊಸ ಕಾನೂನು ಮಾಡದಿರುವುದು. ಮತ್ತು ದಿನಕ್ಕೊಮ್ಮೆಯಾದರೂ ಆ ಕಾಯಿಲೆಗೆ ಸಂಬಂಧವಿಲ್ಲದ ಏನಾದರೊಂದು ಕೆಲಸ ಮಾಡುವುದು. 2005ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ತರಗತಿಗೆ ಬಂದವರ ದುಃಖ, ಹೊರೆ ಇಳಿದಿದ್ದವು, ತಾವೂ ಏನಾದರೂ ಮಾಡಬಲ್ಲೆವು ಎಂಬ ಧೈರ್ಯ ಏರಿತ್ತು. ನನ್ನ ಗಮನ ಸೆಳೆದದ್ದು ಅಳತೆಗೋಲು: ಅಳೆದದ್ದು ರೋಗಿಯನ್ನಲ್ಲ, ಕಾಯುವವರನ್ನು.

ಎದೆಬಡಿತ ಇಳಿಸಿಕೊಳ್ಳುವ ಈ ಮಾತು ಬಂದಾಗ ನೆನಪಾಗುವವನು ಅಬೂ ಜೈದ್ ಅಲ್-ಬಲ್ಖಿ. ಕ್ರಿ.ಶ. 850ರಲ್ಲಿ ಇಂದಿನ ಅಫ್ಘಾನಿಸ್ತಾನದ ಬಲ್ಖ್ ಪ್ರಾಂತ್ಯದಲ್ಲಿ ಹುಟ್ಟಿ 934ರಲ್ಲಿ ತೀರಿಕೊಂಡ ಈತ ದೇಹ ಮತ್ತು ಆತ್ಮಗಳ ಪೋಷಣೆಯ ಬಗ್ಗೆ ಅರಬಿಯಲ್ಲಿ ಒಂದು ಗ್ರಂಥ ಬರೆದ. ಭಯ, ಕೋಪ, ದುಃಖ, ಗೀಳು ಎಂದು ಮನಸ್ಸಿನ ಕ್ಲೇಶಗಳನ್ನು ಬೇರೆಬೇರೆಯಾಗಿ ವಿಂಗಡಿಸಿದ. ಅವನ ಒಂದು ಸಲಹೆ ಹೀಗಿದೆ: ಆರೋಗ್ಯವಂತನೂ ಮನೆಯಲ್ಲಿ ತುರ್ತಿಗೆಂದು ಔಷಧ ಇಟ್ಟುಕೊಳ್ಳುವ ಹಾಗೆ, ಮನಸ್ಸು ನೆಮ್ಮದಿಯಾಗಿರುವಾಗಲೇ ಕೆಲವು ಯೋಚನೆಗಳನ್ನು ಸಿದ್ಧಮಾಡಿಟ್ಟುಕೊಳ್ಳಬೇಕು, ಬಿರುಗಾಳಿ ಎದ್ದ ಮೇಲೆ ಅವು ಹುಡುಕಿದರೆ ಸಿಗುವುದಿಲ್ಲ. ಎಲ್ಲವನ್ನೂ ನಮ್ಮ ಹಿರಿಯರು ಸಾವಿರ ವರ್ಷದ ಹಿಂದೆಯೇ ಹೇಳಿಬಿಟ್ಟಿದ್ದರು ಎಂದು ಬೀಗುವ ಚಟ ನಮ್ಮವರಿಗೂ ಇದೆ, ಇತರರಿಗೂ ಇದೆ. ಬಲ್ಖಿಗೆ ಈ ಕಾಯಿಲೆ ಗೊತ್ತಿರಲಿಲ್ಲ. ಕಾಯುವವರ ಭಯ ಮಾತ್ರ ಅವನಿಗೆ ಹೊಸದಾಗಿ ಕಾಣುತ್ತಿರಲಿಲ್ಲ.

ಅಮೃತಸರದ ಡೇರೆಗಳು

ಲಾಹೋರಿನಿಂದ ಬಂದವರನ್ನು ಇಳಿಸಿಕೊಂಡ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಮಂಟೋ ಬರೆಯದ ಇನ್ನೊಂದು ಕಥೆ ನಡೆಯಿತು. 1950ರ ದಶಕದಲ್ಲಿ ಅದರ ಮುಖ್ಯಸ್ಥರಾಗಿದ್ದ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಆವರಣದಲ್ಲಿ ಡೇರೆಗಳನ್ನು ಹಾಕಿಸಿ ರೋಗಿಗಳ ಮನೆಯವರನ್ನು ಅಲ್ಲೇ ಉಳಿಸಿಕೊಂಡರು. ಅವರನ್ನು ಕೂರಿಸಿಕೊಂಡು, ಅವರಿಗೆ ಪರಿಚಯವಿದ್ದ ಧರ್ಮಗ್ರಂಥಗಳ ಮಾತುಗಳನ್ನೇ ಬಳಸಿ ಕಾಯಿಲೆಯನ್ನು ವಿವರಿಸುತ್ತಿದ್ದರು. ಪಶ್ಚಿಮದಲ್ಲಿ ತಾಯಂದಿರ ವಿಚಾರಣೆ ನಡೆಯುತ್ತಿದ್ದ ಅದೇ ದಶಕದಲ್ಲಿ ಪಂಜಾಬಿನ ರೈತ ಹೆಂಗಸರು ವೈದ್ಯರ ಸಹಾಯಕರಾಗಿದ್ದರು. 1957ರಲ್ಲಿ ಆರಂಭವಾದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಮಾನಸಿಕ ಆರೋಗ್ಯ ಕೇಂದ್ರವೂ ರೋಗಿಯ ಜೊತೆ ಮನೆಯವರು ಉಳಿಯುವ ಪದ್ಧತಿಯನ್ನು ಬೆಳೆಸಿತು. 1974ರಲ್ಲಿ ರೂಪುಗೊಂಡ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬ ಮನೋವೈದ್ಯಕ್ಕೇ ಪ್ರತ್ಯೇಕ ಕೇಂದ್ರವಿದೆ. ದಾದಿಯರ ಕೊರತೆಯೂ ಇದಕ್ಕೆಲ್ಲ ಒಂದು ಕಾರಣವೇ. ಬಡತನದಿಂದ ಹುಟ್ಟಿದ ಏರ್ಪಾಡು ಎಂಬ ಕಾರಣಕ್ಕೆ ಅದರ ಬೆಲೆ ಕಡಿಮೆಯಾಗುವುದಿಲ್ಲ.

ಎಲ್ಲ ಮನೆಯವರೂ ಡೇರೆಯಲ್ಲಿ ಉಳಿಯಲಿಲ್ಲ ಎಂಬುದೂ ಚರಿತ್ರೆಯೇ. ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಸುತ್ತ ಬೆಳೆದಿದ್ದ ಖಾಸಗಿ ಆಶ್ರಯಗಳಲ್ಲೊಂದಕ್ಕೆ 2001ರ ಆಗಸ್ಟ್ 6ರ ಬೆಳಗಿನ ಜಾವ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಮಂದಿ ಸುಟ್ಟು ಸತ್ತರು. ಅವರನ್ನು ಅಲ್ಲಿಗೆ ಕರೆತಂದವರು ಮನೆಯವರೇ, ಹಗೆಯಿಂದಲ್ಲ, ದಣಿವಿನಿಂದ, ಭಯದಿಂದ. ಆ ಸತ್ತವರಿಗೆ ಯಾವ ಯಾವ ಕಾಯಿಲೆಗಳಿದ್ದವೋ. ದರ್ಗಾಕ್ಕೆ, ಗುಡಿಗೆ ಹೋಗಿ ಮನಸ್ಸು ಹಗುರ ಮಾಡಿಕೊಳ್ಳುವುದನ್ನು ನಾನು ಹೀಗಳೆಯುವವನಲ್ಲ. ಸರಪಳಿಗೆ ಮಾತ್ರ ಯಾವ ವಲಿಯ ಅಪ್ಪಣೆಯೂ ಇಲ್ಲ.

ಬಾರ್ಡರ್‌ಲೈನ್ ಕಾಯಿಲೆಯವರ ಮನೆಗಳನ್ನು ಮೌನಕ್ಕೆ ತಳ್ಳಿದ ಇನ್ನೊಂದು ಸರಪಳಿ ಕಾನೂನಿನದ್ದು. 1860ರ ಭಾರತೀಯ ದಂಡ ಸಂಹಿತೆಯ 309ನೇ ಕಲಂ ಆತ್ಮಹತ್ಯೆಗೆ ಯತ್ನಿಸಿ ಬದುಕಿದವರನ್ನು ಅಪರಾಧಿ ಎನ್ನುತ್ತಿತ್ತು. ಮಗಳು ಮಾತ್ರೆ ನುಂಗಿದರೆ ಆಸ್ಪತ್ರೆಗಿಂತ ಮೊದಲು ಪೊಲೀಸ್ ಠಾಣೆ ಕಣ್ಮುಂದೆ ಬರುತ್ತಿತ್ತು, ಅದರ ಹಿಂದೆ ಅವಳ ಮದುವೆಯ ಮಾತು. ‘ತಪ್ಪಿ ನುಂಗಿದಳು’ ಎಂದು ಬರೆಸಿ, ಹೊಟ್ಟೆ ತೊಳೆಸಿ, ಮನೋವೈದ್ಯರ ಕಡೆ ಮುಖ ಮಾಡದೆ ಮನೆಗೆ ಕರೆತಂದವರೆಷ್ಟೋ. 2018ರ ಮೇ 29ರಂದು ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ, ಅಂಥವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರನ್ನು ಶಿಕ್ಷಿಸದೆ ಸರ್ಕಾರ ಅವರ ಆರೈಕೆ ಮಾಡಬೇಕು ಎಂದಿತು. 2024ರ ಜುಲೈ 1ರಿಂದ ದಂಡ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 309ನೇ ಕಲಂನಂಥದ್ದು ಇಲ್ಲ. ಸರ್ಕಾರಿ ನೌಕರನ ಕೆಲಸಕ್ಕೆ ಒತ್ತಡ ತರಲೆಂದು ಮಾಡಿದ ಯತ್ನ ಮಾತ್ರ ಅಪರಾಧ. ಕಾನೂನು ಬದಲಾದದ್ದು ನಮ್ಮ ಓಣಿಗಳಿಗೆ ಇನ್ನೂ ತಿಳಿದಿಲ್ಲ. ‘ಸಾಯುವ ಯೋಚನೆ ಬರುತ್ತಿದೆಯೇ?’ ಎಂದು ನೇರವಾಗಿ ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬ ಹೆದರಿಕೆಯೂ ಸುಳ್ಳು ಎಂಬುದು ತಿಳಿದಿಲ್ಲ. ಕೇಳಿದರೆ ಆ ಒಬ್ಬಂಟಿತನ ಒಂದಿಷ್ಟು ಕಡಿಮೆಯಾಗುತ್ತದೆ, ಅಷ್ಟೆ.

ಕಾಯುವವರು ಎಲ್ಲಕ್ಕಿಂತ ಹೆಚ್ಚಾಗಿ ಕೇಳುವ ಪ್ರಶ್ನೆ ‘ಇದು ಎಂದಿಗಾದರೂ ಮುಗಿಯುತ್ತದೆಯೇ?’ ಎಂಬುದು. ಬಹುಕಾಲ ವೈದ್ಯರು ಇದಕ್ಕೆ ತಲೆಯಾಡಿಸುತ್ತಿರಲಿಲ್ಲ, ವ್ಯಕ್ತಿತ್ವ ಬದಲಾಗುವುದಿಲ್ಲ ಎನ್ನುತ್ತಿದ್ದರು. ಬಾಸ್ಟನ್ ಬಳಿಯ ಮೆಕ್ಲೀನ್ ಆಸ್ಪತ್ರೆಯಲ್ಲಿ ಮೇರಿ ಜನಾರಿನಿ 1992ರಲ್ಲಿ ಆರಂಭಿಸಿದ ಅಧ್ಯಯನ 290 ಮಂದಿ ರೋಗಿಗಳನ್ನು ಎರಡೆರಡು ವರ್ಷಕ್ಕೊಮ್ಮೆ ಹುಡುಕಿ ಮಾತಾಡಿಸುತ್ತಾ ಹೋಯಿತು. ಹತ್ತು ವರ್ಷಗಳ ಲೆಕ್ಕ 2010ರಲ್ಲಿ ಹೊರಬಂತು. ಶೇ. 93ರಷ್ಟು ಮಂದಿಯಲ್ಲಿ ಕಾಯಿಲೆಯ ಲಕ್ಷಣಗಳು ಕನಿಷ್ಠ ಎರಡು ವರ್ಷ ಹಿಂದೆ ಸರಿದಿದ್ದವು. ಕೆಲಸ, ಸಂಬಂಧ ಎಲ್ಲವನ್ನೂ ಸೇರಿಸಿ ಪೂರ್ತಿ ಚೇತರಿಸಿಕೊಂಡವರು ಅರ್ಧದಷ್ಟು ಮಾತ್ರ. ಅಂದರೆ ಕಿರುಚಾಟ, ಗಾಯಗಳು ಹೆಚ್ಚಿನವರಲ್ಲಿ ನಿಲ್ಲುತ್ತವೆ. ಬದುಕು ಕಟ್ಟಿಕೊಳ್ಳುವುದು ಇನ್ನೂ ತಡ. ಆದರೂ ಕಾಯುವವರಿಗೆ ಎಷ್ಟು ಕಾಲ ಎಂಬುದರ ಒಂದು ಅಂದಾಜು ಸಿಕ್ಕಿತು.

ನಿಮ್ಹಾನ್ಸ್ ಅನ್ನು ಮುಖ್ಯ ಕೇಂದ್ರವಾಗಿಟ್ಟುಕೊಂಡು 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ರೋಗಿಯೇ ಕರೆ ಮಾಡಬೇಕೆಂದಿಲ್ಲ. ಬೀಗದ ಕೈಯನ್ನು ದಿಂಬಿನ ಕೆಳಗಿಟ್ಟು ನಿದ್ದೆ ಬಾರದೆ ಕೂತವರೂ ಮಾಡಬಹುದು.